ಸಿಎಚ್‌ಪಿ ಫ್ರೀ ಕಾರ್ ಸೀಟ್ ಚೆಕ್: ಕ್ಯಾಲಿಫೋರ್ನಿಯಾದಲ್ಲಿರೋ ಅಪ್ಪ ಅಮ್ಮಂದಿರು ಖಂಡಿತ ಮಾಡಿಸ್ಕೊಳಿ

ಇಲ್ಲಿನ ಹೈವೇ ಪೊಲೀಸ್ನೋರು, ಅಂದ್ರೆ ಕ್ಯಾಲಿಫೋರ್ನಿಯಾ ಹೈವೇ ಪಟ್ರೋಲ್ (ಸಿಎಚ್‌ಪಿ), ತಮ್ಮ ಆಫೀಸಲ್ಲಿ ಮಗುವಿನ ಕಾರ್ ಸೀಟ್ ಸರಿಯಾಗಿ ಕೂತಿದ್ಯಾ ಅಂತ ಫ್ರೀ ಆಗಿ ನೋಡಿಕೊಡ್ತಾರೆ, ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಂಡ್ರೆ ಸಾಕು. ಪೊಲೀಸ್ನೋರ ಹತ್ರ ಹೋದ್ರೆ ದಂಡ ಹಾಕಿಬಿಟ್ರೆ ಅಂತ ನಮ್ಮನೆಯವರು ಹಿಂದೆಮುಂದೆ ನೋಡ್ತಿದ್ರು, ಅಂಥದ್ದೇನೂ ಇಲ್ಲ ಬಿಡಿ, ತುಂಬಾ ತಾಳ್ಮೆಯಿಂದ ಹೇಳಿಕೊಡ್ತಾರೆ.

ನನಗೆ ಇಷ್ಟ ಆಗಿದ್ದು ಏನಂದ್ರೆ ಆಫೀಸರ್ ತಾವು ಹಾಕಿಕೊಡಲಿಲ್ಲ, ನಮ್ಮ ಕೈಲೇ ಹಾಕಿಸಿದ್ರು. ಬೆಲ್ಟ್ ಹಾದುಹೋಗೋ ಜಾಗದಲ್ಲಿ ಸೀಟ್ ಹಿಡಿದು ಅಲ್ಲಾಡಿಸಿದ್ರೆ ಒಂದು ಇಂಚಿಗಿಂತ ಜಾಸ್ತಿ ಸರೀಬಾರ್ದು. ಆಮೇಲೆ ಮಗುನ ಕೂರಿಸಿ, ಎದೆ ಕ್ಲಿಪ್ ಕಂಕುಳ ಮಟ್ಟಕ್ಕೆ ತಂದು, ಭುಜದ ಪಟ್ಟಿನ ಎರಡು ಬೆರಳಲ್ಲಿ ಚಿವುಟೋಕೆ ನೋಡಿ ಅಂದ್ರು, ಪಟ್ಟಿ ಮಡಿಕೆ ಬಿದ್ದು ಬೆರಳಿಗೆ ಸಿಕ್ತು ಅಂದ್ರೆ ಇನ್ನೂ ಸಡಿಲ ಇದೆ ಅಂತ, ಜಾರಿಹೋದ್ರೆ ಸರಿ. ದಪ್ಪ ಜಾಕೆಟ್ ಹಾಕಿ ಬೆಲ್ಟ್ ಕಟ್ಟಲೇಬಾರ್ದಂತೆ. ಸೀಟನ್ನ ಕಾರಿಗೆ ಬಿಗಿಯೋಕೆ ಲ್ಯಾಚ್ (ಕಾರಿನ ಸೀಟಿನ ಸಂದಿಲಿರೋ ಕಂಬಿಗೆ ಸಿಕ್ಕಿಸೋ ಕೊಕ್ಕೆ) ಅಥವಾ ಕಾರಿನ ಸೀಟ್ ಬೆಲ್ಟ್, ಎರಡ್ರಲ್ಲಿ ಒಂದೇ ಹಾಕ್ಬೇಕು, ಮ್ಯಾನ್ಯುಯಲ್ಲಲ್ಲಿ ಎರಡೂ ಹಾಕಿ ಅಂತ ಇದ್ರೆ ಮಾತ್ರ ಎರಡೂ.

ಇನ್ನು ಕಾನೂನು. ಸೀಟ್ ನೋಡೋಕೆ ಹೋಗಿದ್ದ ಒಂದು ಅಂಗಡಿಯಲ್ಲಿ ಮಗುಗೆ ಒಂದು ವರ್ಷ ಆಗಿದ್ರೆ ಮುಂದಕ್ಕೆ ತಿರುಗಿಸ್ಬೋದು ಅಂತ ಆರಾಮಾಗಿ ಹೇಳಿಬಿಟ್ರು, ಕೇಳಿ ಸಿಟ್ಟೇ ಬಂತು. ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ ತುಂಬೋವರೆಗೂ ಹಿಂದಕ್ಕೆ ಮುಖ ಮಾಡಿನೇ ಕೂರಿಸ್ಬೇಕು, ಮಗು 40 ಪೌಂಡ್ ಅಥವಾ 40 ಇಂಚು ಮುಟ್ಟಿದ್ರೆ ಮಾತ್ರ ವಿನಾಯಿತಿ. 8 ವರ್ಷದವರೆಗೆ ಹಿಂದಿನ ಸೀಟಲ್ಲೇ, ಕಾರ್ ಸೀಟ್ ಅಥವಾ ಬೂಸ್ಟರ್ (ಸೀಟ್ ಬೆಲ್ಟ್ ಸರಿಯಾಗಿ ಕೂರೋ ಹಾಗೆ ಮಗುನ ಎತ್ತರಿಸೋ ಸೀಟ್) ಬೇಕೇ ಬೇಕು, 4 ಅಡಿ 9 ಇಂಚು ಎತ್ತರ ಆದ ಮಕ್ಕಳಿಗೆ ಬರೀ ಸೀಟ್ ಬೆಲ್ಟ್ ಸಾಕು. ಆದ್ರೆ 2 ವರ್ಷ ತುಂಬಿದ ದಿನವೇ ತಿರುಗಿಸಿಬಿಡ್ಬೇಡಿ ಪ್ಲೀಸ್. ಕಾನೂನು ಹೇಳೋದು ಕನಿಷ್ಠ ಇಷ್ಟಾದ್ರೂ ಮಾಡಿ ಅಂತ. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ 2018ರಲ್ಲೇ ವಯಸ್ಸಿನ ಲೆಕ್ಕ ಬಿಟ್ಟು, ಸೀಟಿನ ತೂಕ, ಎತ್ತರದ ಮಿತಿ ಮುಗಿಯೋವರೆಗೂ ಹಿಂದಕ್ಕೇ ಇರ್ಲಿ ಅಂದಿದೆ. ಚಿಕ್ಕ ಮಕ್ಕಳಿಗೆ ತಲೆ ಭಾರ, ಕತ್ತು ಎಳಸು, ಮುಂದಿನಿಂದ ಗುದ್ದಿದಾಗ ಹಿಂದಕ್ಕೆ ಮುಖ ಇದ್ರೆ ತಲೆ ಕತ್ತು ಬೆನ್ನು ಮೂರನ್ನೂ ಸೀಟೇ ತಡ್ಕೊಳ್ಳತ್ತೆ. ಕಾಲು ಮಡಚ್ಕೊಂಡು ಕೂರ್ತಾನೆ ಪಾಪ ಅಂತ ಅಜ್ಜಿ ತಾತ ಅಂತಾರೆ, ಮಕ್ಕಳಿಗೆ ಅದೇನೂ ತೊಂದ್ರೆ ಅಲ್ಲ.

ಇನ್ನೊಂದು, ಊರಿಂದ ಸೀಟ್ ತರಿಸ್ಬೇಡಿ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್‌ಗೆ ಸರಿಹೊಂದತ್ತೆ ಅನ್ನೋ ಲೇಬಲ್ ಸೀಟ್ ಮೇಲೆ ಇರ್ಲೇಬೇಕು, ಎಕ್ಸ್‌ಪೈರಿ ಡೇಟೂ ಅಲ್ಲೇ ಎಲ್ಲೋ ಇರತ್ತೆ ನೋಡ್ಕೊಳಿ.

ರಾಜ್ಯ ದಾಟಿದ್ರೆ ಅಲ್ಲಿನ ರೂಲ್ಸು, ನೆವಾಡಾದಲ್ಲಿ 6 ವರ್ಷದೊಳಗಿದ್ದು 57 ಇಂಚಿಗಿಂತ ಕುಳ್ಳಗಿರೋ ಮಕ್ಕಳಿಗೆ ಸೀಟ್ ಕಡ್ಡಾಯ, ಟೆಕ್ಸಾಸಲ್ಲಿ ನಮ್ಮ ಥರಾನೇ 8. ಬೇರೆ ರಾಜ್ಯದೋರು ಎನ್‌ಎಚ್‌ಟಿಎಸ್‌ಎ (ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ) ಸೈಟಲ್ಲಿ ಸೀಟ್ ಚೆಕ್ ಮಾಡಿಕೊಡೋ ಹತ್ತಿರದ ಇನ್‌ಸ್ಪೆಕ್ಷನ್ ಸ್ಟೇಷನ್ ಹುಡುಕ್ಬೋದು.

ಹೋಗುವಾಗ ಸೀಟಿನ ಮ್ಯಾನ್ಯುಯಲ್, ಕಾರಿನ ಮ್ಯಾನ್ಯುಯಲ್ ಎರಡೂ ತಗೊಂಡ್ಹೋಗಿ, ಸಾಧ್ಯ ಆದ್ರೆ ಮಗುನೂ ಕರ್ಕೊಂಡ್ಹೋಗಿ. ಬಸುರಿಯರಿದ್ರೆ ಹೆರಿಗೆಗೆ ಮುಂಚೆನೇ ಅಪಾಯಿಂಟ್‌ಮೆಂಟ್ ತಗೊಳಿ, ಆಸ್ಪತ್ರೆಯಿಂದ ಮನೆಗೆ ಬರೋಕೇ ಸೀಟ್ ಬೇಕಲ್ವಾ.