ಪಿ-ಪಂಪ್, ಸಿಪಿ3: ನನ್ನ ಎರಡು ಕಮಿನ್ಸ್ ಗಾಡಿಗಳಲ್ಲಿ ಕಂಡದ್ದು

ಕೊಲೊರಾಡೊದಲ್ಲಿ ನನ್ನ ಹತ್ರ ಎರಡು ಡಾಡ್ಜ್ ರಾಮ್ ಪಿಕಪ್ ಇವೆ. ಒಂದು 1997ರದ್ದು, ಇನ್ನೊಂದು 2003ರದ್ದು. ಎರಡರಲ್ಲೂ 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್. ಊರಲ್ಲಿ ಟಾಟಾ ಕಮಿನ್ಸ್ ಲಾರಿಗಳ ಸದ್ದು ಕೇಳಿ ಬೆಳೆದವನು ನಾನು. ಹಳೆಯದನ್ನು ಕೊಂಡದ್ದಕ್ಕೆ ಆ ಸದ್ದೇ ಅರ್ಧ ಕಾರಣ.

ಶಕ್ತಿ ಹೆಚ್ಚಲಿ ಅಂತ ಎರಡಕ್ಕೂ ದೊಡ್ಡ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಮೂತಿ) ಹಾಕಿಸಿದೆ. ಆದರೆ ಎರಡೂ ಸೋತದ್ದು ಬೇರೆ ಬೇರೆ ಕಡೆ.

97ರದ್ದರಲ್ಲಿ ನಾಝಲ್‌ಗೆ ಡೀಸೆಲ್ ಒತ್ತೋದು ಬಾಷ್ ಪಿ7100 ಪಂಪ್, ಪಿ-ಪಂಪ್ ಅನ್ನೋದು ಇದಕ್ಕೇ. ಪೂರ್ತಿ ಮೆಕ್ಯಾನಿಕಲ್. ಆರು ಸಿಲಿಂಡರಿಗೆ ಸಾಲಾಗಿ ಆರು ಪ್ಲಂಜರ್. ಎಷ್ಟು ಡೀಸೆಲ್ ಹೋಗಬೇಕು ಅಂತ ಪಂಪೇ ಅಳೆದು ಕಳಿಸುತ್ತದೆ. ಒತ್ತಡ 260 ಬಾರ್ ಮುಟ್ಟಿದಾಗ ನಾಝಲ್ ಬಾಯಿ ಬಿಡುತ್ತದೆ, ಅಷ್ಟೇ. ಮ್ಯಾನುಯಲ್ ಗೇರಿನ ಈ ಗಾಡಿಗೆ ಕಂಪನಿ ಕೊಟ್ಟದ್ದು 215 ಹಾರ್ಸ್‌ಪವರ್. ಡೀಸೆಲ್ ಮಿತಿ ಹಿಡಿಯೋ ಫ್ಯುಯೆಲ್ ಪ್ಲೇಟ್ ಮುಂದಕ್ಕೆ ಜರುಗಿಸಿ, ಎಂಜಿನ್ ವೇಗದ ಮಿತಿ ಹಿಡಿಯೋ ಗವರ್ನರ್ ಸ್ಪ್ರಿಂಗ್ ಬದಲಿಸಿದ ಮೇಲೂ ಪಂಪ್ ದಣಿದದ್ದನ್ನು ನಾನು ಕಂಡಿಲ್ಲ. ಮೊದಲು ಕಡಿಮೆಯಾದದ್ದು ಗಾಳಿ. ಹಿಂದೆಲ್ಲಾ ಕರಿ ಹೊಗೆ, ಎಕ್ಸಾಸ್ಟ್ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಿತು, ಪೆಡಲಿಂದ ಕಾಲು ತೆಗೆಯಲೇಬೇಕಾಯಿತು. ಈಗ ಎಂಜಿನ್‌ಗೆ ಗಾಳಿ ಒತ್ತೋ ಟರ್ಬೊ ದೊಡ್ಡದು ಹಾಕಿಸಿದ್ದೇನೆ.

2003ರದ್ದರ ಸಿಪಿ3 ಪಂಪಿನ ಕೆಲಸವೇ ಬೇರೆ. ಅದರ ಮೂರು ಪಿಸ್ಟನ್‌ಗಳು ರೈಲ್ ಅನ್ನೋ ದಪ್ಪ ಪೈಪಿಗೆ 1600 ಬಾರ್ ತನಕ ಒತ್ತಡ ತುಂಬುತ್ತವೆ. ನಾಝಲ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಹೇಳೋದು ಕಂಪ್ಯೂಟರ್. ಮನೆ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಮೋಟರ್ ಹಳೆಯದೇ ಇಟ್ಟು ಕೆಳಗೆ ನಲ್ಲಿ ಮಾತ್ರ ದೊಡ್ಡದು ಮಾಡಿದರೆ ಟ್ಯಾಂಕ್ ಖಾಲಿ ಆಗುತ್ತೆ ಅಲ್ವಾ?

ನನಗೆ ಆದದ್ದೂ ಅದೇ. 305 ಹಾರ್ಸ್‌ಪವರಿನ ಗಾಡಿಗೆ ಟ್ಯೂನರ್ (ಕಂಪ್ಯೂಟರಿನ ಲೆಕ್ಕ ಬದಲಿಸೋ ಪೆಟ್ಟಿಗೆ) ಜೊತೆ '100 ಹಾರ್ಸ್' ನಾಝಲ್, ಅಂದ್ರೆ ನೂರು ಹಾರ್ಸ್‌ಪವರ್ ಹೆಚ್ಚಿಸುತ್ತೆ ಅಂತ ಮಾರೋದನ್ನು, ಕೂರಿಸಿದೆ. ಟ್ರೇಲರ್ ಕಟ್ಟಿಕೊಂಡು ಸಿಲ್ವರ್‌ಥಾರ್ನ್‌ನಿಂದ ಐಸೆನ್‌ಹೋವರ್ ಸುರಂಗದ ಏರು ಹತ್ತಿದೆ. ಮೊದಲ ಒಂದು ನಿಮಿಷ ಗಾಡಿ ಹಾರಿತು. ಆಮೇಲೆ ರೈಲ್ ಒತ್ತಡದ ಮೀಟರ್ 1600ರಿಂದ 1400, ಹಾಗೇ 1200. ಪೆಡಲ್ ನೆಲಕ್ಕೆ ತಾಗಿದ್ದರೂ ವೇಗ ಇಳಿಯುತ್ತಾ ಹೋಯಿತು. ಟ್ಯಾಂಕಿನಿಂದ ಸಿಪಿ3ಗೆ ಡೀಸೆಲ್ ತರೋ, ಫಿಲ್ಟರ್ ಪಕ್ಕದ ಲಿಫ್ಟ್ ಪಂಪ್ ಬದಲಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. 500 ಹಾರ್ಸ್‌ಪವರಿನ ಆಸುಪಾಸು ಬಂದರೆ ಒಂದೇ ಸಿಪಿ3ಗೆ ಉಸಿರು ಕಟ್ಟುತ್ತದೆ. ನಾಝಲ್ ಡಬ್ಬದ ಮೇಲಿನ ನಂಬರ್ ನೋಡಿ ದುಡ್ಡು ಕೊಡೋರು ಮೊದಲು ಪಂಪ್ ವಿಚಾರಿಸಿ.

500 ದಾಟಿಸಲೇಬೇಕು ಅನ್ನೋರಿಗೆ ನಾನು ಹಳೇ ಪಿ-ಪಂಪನ್ನೇ ಹೇಳುತ್ತೇನೆ. ದಿನಾ ಓಡಾಡೋಕೆ, ಚಳಿಯಲ್ಲಿ ಸುಮ್ನೆ ಕೀ ತಿರುಗಿಸಿ ಹೊರಡೋಕೆ ಸಿಪಿ3 ಎಷ್ಟೋ ಸುಖ, ಸದ್ದೂ ಕಡಿಮೆ. 2003ರದ್ದಕ್ಕೆ ಎರಡನೇ ಸಿಪಿ3 ಜೋಡಿಸೋ ಯೋಚನೆ ಇತ್ತು, ಖರ್ಚು ಜಾಸ್ತಿ ಅಂತ ಬಿಟ್ಟೆ. 100ರ ನಾಝಲ್ ತೆಗೆಸಿ 50ರದ್ದು ಹಾಕಿಸಿದೆ. ಹೋದ ತಿಂಗಳು ಅದೇ ಏರು, ಅದೇ ಟ್ರೇಲರ್. ಸುರಂಗದ ಬಾಯಿ ಬರೋವರೆಗೂ ಮೀಟರ್ 1550ಕ್ಕಿಂತ ಕೆಳಗೆ ಇಳಿಯಲಿಲ್ಲ.