ಬ್ಲಾಗಿನ ದುಡ್ಡು: ಆಡ್‌ಸೆನ್ಸಾ, ಅಫಿಲಿಯೇಟ್ ಲಿಂಕಾ?

ಕನ್ನಡದಲ್ಲಿ ಅಡುಗೆ ಬ್ಲಾಗ್ ಬರೆಯುತ್ತೀರಿ, ಅದರಿಂದ ಒಂದಿಷ್ಟು ದುಡ್ಡೂ ಬರಲಿ ಅಂತಿದ್ದೀರಿ ಅಂದುಕೊಳ್ಳಿ.

ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್ ಹಾಕಿಕೊಂಡರೆ ನೀವು ಏನನ್ನೂ ಮಾರಬೇಕಿಲ್ಲ. ಜಾಹೀರಾತನ್ನು ಗೂಗಲ್ಲೇ ತಂದು ಹಾಕುತ್ತದೆ. ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ನಿಮ್ಮ ವಿಳಾಸ ಖಚಿತಪಡಿಸಿಕೊಳ್ಳಲು ಪಿನ್ ಸಂಖ್ಯೆ ಇರುವ ಕಾಗದ ಅಂಚೆಯಲ್ಲಿ ಮನೆಗೆ ಬರುತ್ತದೆ, ಅದನ್ನು ಖಾತೆಯಲ್ಲಿ ತುಂಬಬೇಕು. ಆದರೆ 100 ಡಾಲರ್ ಆಗುವವರೆಗೆ ಒಂದು ಪೈಸೆಯೂ ಬ್ಯಾಂಕಿಗೆ ಬರುವುದಿಲ್ಲ. ದಿನಕ್ಕೆ 50 ಜನ ಓದುವ ಬ್ಲಾಗಾದರೆ ಕಾಯುತ್ತಾ ಕೂರಬೇಕು ಅಷ್ಟೆ.

ಅಫಿಲಿಯೇಟ್ ಬೇರೆ ಥರ. ಇಡ್ಲಿ ಹಿಟ್ಟು ರುಬ್ಬುವ ಬಗ್ಗೆ ಬರೆದು, ನೀವೇ ಬಳಸುವ ಗ್ರೈಂಡರಿನ ಲಿಂಕ್ ಕೊಡುತ್ತೀರಿ. ಅದನ್ನು ಒತ್ತಿ ಯಾರಾದರೂ ಕೊಂಡರೆ ನಿಮಗೆ ಕಮಿಷನ್. ಓದುಗರು ಕಡಿಮೆ ಇದ್ದರೂ ಪರವಾಗಿಲ್ಲ, ಕೊಳ್ಳುವ ಮನಸ್ಸಿನವರು ಬಂದರೆ ಸಾಕು. ತೊಡಕೂ ಇದೆ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ 24 ಗಂಟೆಯೊಳಗೆ ವಸ್ತು ಕಾರ್ಟಿಗೆ ಬೀಳಬೇಕು, ಇಲ್ಲದಿದ್ದರೆ ಕಮಿಷನ್ ಇಲ್ಲ. ನಮ್ಮ ಜನ ಗ್ರೈಂಡರ್ ಕೊಳ್ಳುವ ಮೊದಲು ಮನೆಯಲ್ಲಿ ಎಲ್ಲರನ್ನೂ ಕೇಳಿ, ಹಬ್ಬದ ಆಫರಿಗೆ ಕಾಯುತ್ತಾರೆ ಅಲ್ವಾ? ಲಿಂಕಿನಿಂದ ಕಮಿಷನ್ ಸಿಗುತ್ತದೆ ಎಂದು ಓದುಗರಿಗೆ ಹೇಳಲೂಬೇಕು.

ಕತೆ, ಕವನ ಬರೆಯುವವರಿಗೆ ಲಿಂಕ್ ಹಾಕಲು ವಸ್ತುವೇ ಸಿಗುವುದು ಕಷ್ಟ. ಅವರಿಗೆ ಆಡ್‌ಸೆನ್ಸೇ ಗತಿ. ಅಡುಗೆ, ಕೈತೋಟ, ಮೊಬೈಲ್ ಬಗ್ಗೆ ಬರೆಯುವವರು ಲಿಂಕಿನಿಂದಲೇ ಶುರು ಮಾಡಲಿ. ನಾನಾದರೆ ಓದುಗರು ಜಾಸ್ತಿ ಆಗುವವರೆಗೆ ಜಾಹೀರಾತನ್ನು ಮುಟ್ಟುವುದೇ ಇಲ್ಲ. ಸುಮ್ನೆ ಪುಟ ಭಾರವಾಗುತ್ತದೆ.