ಗ್ರೇಟ್‌ಫುಲ್ ಡೆಡ್, ಕಾರ್ನೆಲ್ 1977: ದುಡ್ಡು ಕೊಟ್ಟು ತರಿಸಿಕೊಳ್ಳಬೇಕಾ?

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ 1977ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಕಚೇರಿಯ ಸಿಡಿಯನ್ನು ತರಿಸಿಕೊಳ್ಳಬಹುದು. ಆದರೆ ಇದೊಂದನ್ನೇ. ಈ ಬ್ಯಾಂಡಿನ ಮಿಕ್ಕ ಲೈವ್ ರೆಕಾರ್ಡಿಂಗ್‌ಗಳಿಗೆ ಮೈಸೂರಿನಲ್ಲಿ ಕೂತು ದುಡ್ಡು ಸುರಿಯಬೇಡಿ. ನಾನು ಸುರಿದು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೂರು ಸಿಡಿಯ ಸೆಟ್ಟನ್ನು ಅಮೆರಿಕದಿಂದ ತರಿಸಿದೆ. ಸಾಗಣೆ ಖರ್ಚು, ಅದರ ಮೇಲೆ ಕಸ್ಟಮ್ಸ್ ಸುಂಕ, ಎಲ್ಲ ಸೇರಿ ಸಿಡಿಯ ಬೆಲೆಗಿಂತ ಜಾಸ್ತಿ ಆಯಿತು. ಪಾರ್ಸೆಲ್ಲಿನ ಒಂದು ಮೂಲೆ ಜಜ್ಜಿಹೋಗಿತ್ತು, ಒಳಗಿನ ರಟ್ಟಿನ ಕವರ್ ಮಡಚಿಕೊಂಡಿತ್ತು. ಪುಣ್ಯಕ್ಕೆ ಸಿಡಿಗಳಿಗೆ ಏನೂ ಆಗಿರಲಿಲ್ಲ. 'ಮೂರು ಪ್ಲೇಟಿಗೆ ಇಷ್ಟು ದುಡ್ಡಾ?' ಎಂದು ಹೆಂಡತಿ ಕೇಳಿದಳು. ರಷ್ಯಾದ ಮೆಟ್ನರ್ ಎಂಬ ಸಂಗೀತಗಾರನ ರೆಕಾರ್ಡಿಂಗ್‌ಗಳಿಗೆ 1940ರ ದಶಕದಲ್ಲಿ ನಮ್ಮ ಜಯಚಾಮರಾಜೇಂದ್ರ ಒಡೆಯರೇ ದುಡ್ಡು ಕೊಟ್ಟಿದ್ದರು, ಇದು ಅಂಥ ಊರು ಕಣೇ ಎಂದೆ. 'ಅವರು ಮಹಾರಾಜರು, ನೀವಿನ್ನೂ ಗಾಡಿ ಲೋನ್ ಕಟ್ಟುತ್ತಾ ಇದ್ದೀರಿ' ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬ್ಯಾಂಡ್ ಗೊತ್ತಿಲ್ಲದವರಿಗೆ ಎರಡು ಮಾತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷದಲ್ಲಿ 2,300ಕ್ಕೂ ಹೆಚ್ಚು ಕಚೇರಿ ಕೊಟ್ಟರು. ಒಂದು ರಾತ್ರಿ ನುಡಿಸಿದ ಹಾಗೆ ಇನ್ನೊಂದು ರಾತ್ರಿ ನುಡಿಸಲಿಲ್ಲ. ಹಾಡುಗಳ ಪಟ್ಟಿ ಬೇರೆ, ಒಂದೇ ಹಾಡಿನ ಉದ್ದ ಬೇರೆ, ನಡುವೆ ಎಲ್ಲಿಗೆ ಹೋಗುತ್ತಾರೆ ಎನ್ನುವುದು ಅವರಿಗೇ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಇವರ ಸ್ಟುಡಿಯೋ ಆಲ್ಬಮ್ ಕೇಳಿ 'ಇಷ್ಟೇನಾ?' ಅಂದುಕೊಂಡವರು ತುಂಬಾ ಜನ, ಅದರಲ್ಲಿ ನಾನೂ ಒಬ್ಬ. ಕಾಲೇಜಿನಲ್ಲಿದ್ದಾಗ ಒಂದು ಆಲ್ಬಮ್ ಕೇಳಿ ಬದಿಗಿಟ್ಟವನು ಹದಿನೈದು ವರ್ಷ ಇವರ ತಂಟೆಗೆ ಹೋಗಲಿಲ್ಲ. ಸುಮ್ನೆ ವೇಸ್ಟ್ ಆಯ್ತು ಆ ಹದಿನೈದು ವರ್ಷ.

ಕೇಳುವ ರೀತಿ ಗೊತ್ತಾಗಿದ್ದು ನಮ್ಮಪ್ಪನ ಕ್ಯಾಸೆಟ್‌ಗಳಿಂದ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್ ಗಣಪತಿ ಕಚೇರಿಗಳಿಗೆ ಅಪ್ಪ ಚಿಕ್ಕ ಟೇಪ್ ರೆಕಾರ್ಡರ್ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಆ ಕ್ಯಾಸೆಟ್‌ಗಳಲ್ಲಿ ಮೃದಂಗದ ಜೊತೆ ಪಕ್ಕದವರ ಕೆಮ್ಮು, ಆಟೋ ಹಾರನ್, ಯಾರೋ ತಪ್ಪು ತಾಳ ಹಾಕುವ ಸದ್ದು, ಎಲ್ಲ ಇದೆ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಕಾವೇರಿದ ಹೊತ್ತಿಗೆ ಸರಿಯಾಗಿ ಟಕ್ ಎಂದು ಸೈಡ್ ಮುಗಿಯುತ್ತದೆ. ಅಪ್ಪ ತಿರುಗಿಸಿ ಹಾಕುವಷ್ಟರಲ್ಲಿ ಮುಕ್ಕಾಲು ಆವರ್ತ ಹೋಗಿರುತ್ತದೆ. ಗ್ರೇಟ್‌ಫುಲ್ ಡೆಡ್ ಟೇಪ್‌ಗಳಲ್ಲೂ ಇದೇ ಕಥೆ. ಹಾಡು ಏರುತ್ತಾ ಇರುವಾಗ ಟೇಪ್ ಮುಗಿದು ಕತ್ತರಿ ಬೀಳುತ್ತದೆ. ಅಲ್ಲಿನ ಜನರೂ ನಮ್ಮಪ್ಪನ ಹಾಗೇ, ಇನ್ನೂ ಹುಚ್ಚರು. ಉದ್ದನೆಯ ಕೋಲಿನ ತುದಿಗೆ ಮೈಕ್ ಕಟ್ಟಿಕೊಂಡು ಬರುತ್ತಿದ್ದರು. ಬ್ಯಾಂಡಿನವರು ಓಡಿಸುವ ಬದಲು 1984ರಿಂದ ಅವರಿಗೇ ಅಂತ ಸೌಂಡ್ ಬೋರ್ಡ್ (ಮೈಕ್, ವಾದ್ಯಗಳ ಧ್ವನಿಯನ್ನೆಲ್ಲ ಬೆರೆಸುವ ಮೇಜು) ಹಿಂದೆ ಪ್ರತ್ಯೇಕ ಜಾಗ ಬಿಟ್ಟುಕೊಟ್ಟರು. ಟೇಪನ್ನು ಮಾರಬಾರದು, ಹಂಚಿಕೊಳ್ಳಬಹುದು. ಅಷ್ಟೇ ಕಟ್ಟಳೆ.

ಈಗ ಕಾರ್ನೆಲ್‌ಗೆ ಬರೋಣ. 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಲ್ಲೂ ಆ ರಾತ್ರಿ ಅಲ್ಲಿ ಹಿಮ ಬಿತ್ತಂತೆ. ರೆಕಾರ್ಡ್ ಮಾಡಿದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್. ಅವರ ಕಿವಿ ಎಂಥದ್ದು ಎಂದರೆ, ಅವರು ಮಾಡಿದ ಟೇಪ್‌ಗಳಿಗೆ 'ಬೆಟ್ಟಿ ಬೋರ್ಡ್ಸ್' ಎಂದೇ ಹೆಸರು ಬಿದ್ದಿದೆ. ಆಮೇಲೆ ಅವರಿಗೆ ಕಷ್ಟ ಬಂತು. ಗೋದಾಮಿನ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಆ ಟೇಪ್‌ಗಳೆಲ್ಲ ಹರಾಜಾಗಿ ಕಂಡವರ ಪಾಲಾದವು. ಕೊಂಡವರಿಂದ ನಕಲು, ನಕಲಿನಿಂದ ಇನ್ನೊಂದು ನಕಲು ಎಂದು ಊರೆಲ್ಲ ಹರಡಿತು. ತಮಾಷೆ ಏನು ಗೊತ್ತಾ? 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಕಚೇರಿಯ ಟೇಪನ್ನು ಕಾಪಾಡಬೇಕಾದ ರೆಕಾರ್ಡಿಂಗ್‌ಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದಾಗ, ಅಂಗಡಿಯಲ್ಲಿ ಕೊಳ್ಳಲು ಅದರ ಒಂದು ಸಿಡಿಯೂ ಇರಲಿಲ್ಲ. ಕಂಪನಿ ಅಧಿಕೃತವಾಗಿ ಹೊರತಂದಿದ್ದು 2017ರಲ್ಲಿ.

ಆ ಸಿಡಿಯಲ್ಲಿ ಧ್ವನಿ ಹೇಗಿದೆ? ತುಂಬಾ ಚೆನ್ನಾಗಿದೆ. ನಾನು ಮೊದಲು ಕೇಳಿದ್ದ ಕಾಪಿಯಲ್ಲಿ ಬ್ಯಾಂಡಿನ ಫಿಲ್ ಲೆಶ್ ಅವರ ಬಾಸ್ ಗಿಟಾರ್ ಗೋಡೆಯಾಚೆ ಯಾರೋ ಮಸಾಲೆ ಕುಟ್ಟಿದ ಹಾಗೆ ಕೇಳಿಸುತ್ತಿತ್ತು. ಇಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿದೆ. ಎಡ ಕಿವಿ, ಬಲ ಕಿವಿ, ಯಾರು ಎಲ್ಲಿ ನಿಂತಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಹುದು.

ಮೊದಲ ಸೆಟ್, ಅಂದರೆ ಕಚೇರಿಯಲ್ಲಿ ವಿರಾಮಕ್ಕೆ ಮುಂಚಿನ ಭಾಗ, ಪರವಾಗಿಲ್ಲ. ಮೊದಲ ಸಲ ಕೇಳುವವರು ಅಲ್ಲಿಂದಲೇ ಶುರು ಮಾಡಿದರೆ 'ಇದಕ್ಕಾ ಇಷ್ಟು ಗಲಾಟೆ?' ಎನ್ನಿಸುತ್ತದೆ. ನೇರ ಎರಡನೇ ಸೆಟ್‌ಗೆ ಹೋಗಿ. ಮೊದಲಿಗೆ, ಮುಂದಿರುವವರು ನುಜ್ಜುಗುಜ್ಜಾಗುತ್ತಿದ್ದಾರೆ, ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರೀರಿ ಎಂದು ವೇದಿಕೆಯಿಂದ ಕೇಳಿಕೊಳ್ಳುತ್ತಾರೆ, ದಸರಾ ಮೆರವಣಿಗೆ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಪೊಲೀಸರು ಹೇಳುವ ಹಾಗೆ. ಆಮೇಲೆ 'ಸ್ಕಾರ್ಲೆಟ್ ಬಿಗೋನಿಯಾಸ್' ಶುರುವಾಗಿ ಎಲ್ಲೂ ನಿಲ್ಲದೆ 'ಫೈರ್ ಆನ್ ದ ಮೌಂಟನ್' ಆಗಿ ಬದಲಾಗುತ್ತದೆ. ಎರಡೂ ಸೇರಿ ಇಪ್ಪತ್ತೈದು ನಿಮಿಷದ ಮೇಲಿದೆ. ನಾನು ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಮಂಡ್ಯಕ್ಕೆ ಕೆಲಸಕ್ಕೆ ಹೋಗುವವನು. ಮೈಸೂರು ಬಿಟ್ಟ ಕೂಡಲೇ ಹಾಕಿದರೆ ಶ್ರೀರಂಗಪಟ್ಟಣದ ಹೊಳೆ ದಾಟುವಾಗ ಮೊದಲನೆಯದು ಕರಗಿ ಎರಡನೆಯದಾಗುತ್ತಿರುತ್ತದೆ, ಪಾಂಡವಪುರದ ಆಸುಪಾಸಿಗೆ ಬಂದರೂ ಗಾರ್ಸಿಯಾ ಕೆಳಗೆ ಇಳಿದಿರುವುದಿಲ್ಲ. ಯಾವ ಕ್ಷಣದಲ್ಲಿ ಹಾಡು ಬದಲಾಯಿತು ಎಂದು ಹಿಡಿಯಲು ಹೋಗಿ ನಾನು ಎಷ್ಟೋ ಸಲ ಸೋತಿದ್ದೇನೆ.

ಕೊನೆಯಲ್ಲಿ ಬರುವ 'ಮಾರ್ನಿಂಗ್ ಡ್ಯೂ' ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗಾರ್ಸಿಯಾ ದನಿ ಪಿಸುಮಾತಿನಷ್ಟು ಇಳಿಯುತ್ತದೆ, ಆಮೇಲೆ ಗಿಟಾರ್ ಒಂದೇ ಸಮನೆ ಏರುತ್ತಾ ಹೋಗುತ್ತದೆ. ಅದನ್ನು ಟ್ರೈನಿನಲ್ಲಿ ಕೇಳಬೇಡಿ. ನನಗೆ ಒಂದು ದಿನ ಮಂಡ್ಯ ದಾಟಿಹೋಗಿ, ಮದ್ದೂರಿನಲ್ಲಿ ಇಳಿದು, ಹೇಗಿದ್ದರೂ ಇಳಿದಾಯಿತಲ್ಲ ಎಂದು ಎರಡು ವಡೆ ತಿಂದು ಬಸ್ ಹಿಡಿದು ವಾಪಸ್ ಬಂದಿದ್ದಾಗಿದೆ.

ಹಾಗಂತ 2,300ರಲ್ಲಿ ಇದೇ ಬೆಸ್ಟ್ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಮಾರನೇ ದಿನ, ಮೇ 9ರಂದು, ಬಫಲೋದಲ್ಲಿ ನುಡಿಸಿದ್ದು ಇದಕ್ಕೆ ಏನೂ ಕಮ್ಮಿಯಿಲ್ಲ. ನನಗೆ ಇನ್ನೂ ಹತ್ತಿರವಾದದ್ದು 1972ರ ಆಗಸ್ಟ್ 27, ಆರೆಗಾನ್‌ನ ವೆನೀಟಾ. ಮಂಡ್ಯ ಜಿಲ್ಲೆಯವರಿಗೆ ಇದು ಇಷ್ಟವಾಗಬೇಕು, ಯಾಕೆಂದರೆ ಇದು ಕಷ್ಟದಲ್ಲಿದ್ದ ಒಂದು ಹಾಲಿನ ಡೇರಿಗೆ ದುಡ್ಡು ಕೂಡಿಸಲು ಮಾಡಿದ ಕಚೇರಿ. ಟಿಕೆಟನ್ನು ಆ ಡೇರಿಯ ಮೊಸರಿನ ಡಬ್ಬಿ ಲೇಬಲ್ ಮೇಲೆ ಅಚ್ಚು ಹಾಕಿಸಿದ್ದರು! ಬಿಸಿಲು ಎಷ್ಟಿತ್ತೆಂದರೆ ಗಿಟಾರ್‌ಗಳು ಶ್ರುತಿ ತಪ್ಪುತ್ತಿದ್ದವು. ಆ ಬೇಗೆಯಲ್ಲೇ 'ಡಾರ್ಕ್ ಸ್ಟಾರ್' ಅರ್ಧ ಗಂಟೆ ನುಡಿಸಿದ್ದಾರೆ. ಇದು 2013ರಲ್ಲಿ ಅಧಿಕೃತವಾಗಿ ಬಂತು.

ಇನ್ನೊಂದು ವಿಷಯ. 1978ರ ನಂತರದ ಕಚೇರಿಗಳಲ್ಲಿ ಎರಡನೇ ಸೆಟ್ ನಡುವೆ 'ಡ್ರಮ್ಸ್' ಎಂಬ ಭಾಗ ಬರುತ್ತದೆ. ಮಿಕ್ಕವರೆಲ್ಲ ಎದ್ದು ಹೋಗುತ್ತಾರೆ, ಇಬ್ಬರು ಡ್ರಮ್ಮರ್‌ಗಳು ಮಾತ್ರ ಉಳಿಯುತ್ತಾರೆ. ಅಮೆರಿಕದಲ್ಲಿ ಆ ಹೊತ್ತಿಗೆ ಜನ ಪಾನೀಯ ತರಲು ಎದ್ದು ಹೋಗುತ್ತಿದ್ದರಂತೆ, ನಮ್ಮಲ್ಲಿ ತನಿ ಶುರುವಾದರೆ ಕಾಫಿಗೆ ಏಳುತ್ತಾರಲ್ಲ, ಹಾಗೆ. ಇಬ್ಬರಲ್ಲಿ ಒಬ್ಬರಾದ ಮಿಕ್ಕಿ ಹಾರ್ಟ್, ತಬಲಾದ ಉಸ್ತಾದ್ ಅಲ್ಲಾ ರಖಾ ಅವರ ಹತ್ತಿರ ಕಲಿತವರು. 1991ರಲ್ಲಿ ಜಾಕೀರ್ ಹುಸೇನ್, ಘಟಂ ವಿಕ್ಕು ವಿನಾಯಕರಾಮ್ ಅವರನ್ನೆಲ್ಲ ಸೇರಿಸಿ 'ಪ್ಲಾನೆಟ್ ಡ್ರಮ್' ಎಂಬ ಆಲ್ಬಮ್ ಮಾಡಿ ಗ್ರ್ಯಾಮಿ ಪಡೆದರು. ಇದನ್ನೆಲ್ಲ ಹೇಳಿ ಅಪ್ಪನನ್ನು ಕೂರಿಸಿ ಆ ಕಾಲದ ಒಂದು ಕಚೇರಿಯನ್ನು ಕೇಳಿಸಿದೆ. ದುರದೃಷ್ಟ, ಬ್ಯಾಂಡಿನವರು ಹಾಡುಗಳ ನಡುವೆ ಗಿಟಾರ್ ಕೊಯ್ಯ್ ಕೊಯ್ಯ್ ಅನ್ನಿಸುತ್ತಿದ್ದ ಜಾಗವೇ ಮೊದಲು ಬಂತು. 'ಏನೋ, ಇನ್ನೂ ಶ್ರುತಿ ಸೇರಿಸ್ತಾನೇ ಇದ್ದಾರಾ?' ಅಂದರು. ಡ್ರಮ್ಸ್ ಬಂದಾಗ ಮಾತ್ರ ಅವರ ಬೆರಳು ಕುರ್ಚಿ ಕೈಯ ಮೇಲೆ ಲೆಕ್ಕ ಹಾಕುತ್ತಿತ್ತು. ಹತ್ತು ನಿಮಿಷದ ಮೇಲೆ 'ಮುಕ್ತಾಯ ಎಲ್ಲಿ?' ಎಂದು ಕೇಳಿದರು. ಮುಕ್ತಾಯ ಇಲ್ಲ. ಅದು ಹಾಗೇ ಹೊಗೆಯ ಹಾಗೆ ಚದುರಿಹೋಗುತ್ತದೆ. ಅವರಿಗೆ ಅದು ಸರಿಬರಲಿಲ್ಲ, ನಿಜ ಹೇಳಬೇಕೆಂದರೆ ಕೆಲವು ರಾತ್ರಿಗಳಲ್ಲಿ ನನಗೂ ಸರಿಬರುವುದಿಲ್ಲ.

ದುಡ್ಡಿನ ಮಾತಿಗೆ ವಾಪಸ್ ಬರುತ್ತೇನೆ. ಇಂಟರ್ನೆಟ್ ಆರ್ಕೈವ್ ಎಂಬ ವೆಬ್‌ಸೈಟಿನಲ್ಲಿ ಇವರ ಸಾವಿರಾರು ರೆಕಾರ್ಡಿಂಗ್ ಪುಕ್ಕಟೆ ಇವೆ. ಸೌಂಡ್ ಬೋರ್ಡ್‌ನಿಂದ ತೆಗೆದದ್ದನ್ನು ಅಲ್ಲೇ ಕೇಳಬೇಕು, 2005ರಿಂದ ಡೌನ್‌ಲೋಡ್ ಇಲ್ಲ. ಜನರ ನಡುವೆ ಕೂತು ಮಾಡಿದ್ದನ್ನು ಇಳಿಸಿಕೊಳ್ಳಬಹುದು. ಒಂದೇ ರಾತ್ರಿಗೆ ಐದಾರು ಟೇಪ್ ಇರುತ್ತವೆ, ಕೆಳಗೆ ಕೇಳುಗರು ಬರೆದ ಅಭಿಪ್ರಾಯ ಓದಿ ಆರಿಸಿ. ಸೌಂಡ್ ಬೋರ್ಡಿನದು, ಜನರ ನಡುವಿನದು ಎರಡನ್ನೂ ಬೆರೆಸಿ ಮಾಡಿದ 'ಮೇಟ್ರಿಕ್ಸ್' ಸಿಕ್ಕರೆ ಬಿಡಬೇಡಿ, ವಾದ್ಯವೂ ಸ್ಪಷ್ಟ, ಜನರ ಉಸಿರೂ ಇರುತ್ತದೆ.

ಆಯ್ದ ಕಚೇರಿಗಳನ್ನು ಅಧಿಕೃತವಾಗಿ ಹೊರತಂದ 'ಡಿಕ್ಸ್ ಪಿಕ್ಸ್' ಎಂಬ ಹಳೆಯ ಸರಣಿಯಲ್ಲಿ 36 ಸಂಪುಟಗಳಿವೆ. 1970ರಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸಿದ ರಾತ್ರಿಗಳ ನಾಲ್ಕನೆಯದನ್ನು ಮೊದಲು ಕೇಳಿ. 2012ರಿಂದ ಬರುತ್ತಿರುವ 'ಡೇವ್ಸ್ ಪಿಕ್ಸ್' ವರ್ಷಕ್ಕೆ ನಾಲ್ಕು, ಇಷ್ಟೇ ಪ್ರತಿ ಎಂದು ನಂಬರ್ ಹಾಕಿ ಮಾರುತ್ತಾರೆ. ನಾನು ಒಂದು ವರ್ಷ ಚಂದಾ ಕಟ್ಟಿದೆ. ನಾಲ್ಕು ಸಲ ಸುಂಕ, ನಾಲ್ಕು ಸಲ ಸಾಗಣೆ, ಅದರಲ್ಲಿ ಒಂದು ಪಾರ್ಸೆಲ್ ಬರಲೇ ಇಲ್ಲ. ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಸಾಕಪ್ಪಾ ಸಾಕು.

1994, 95ರ ಟೇಪ್‌ಗಳನ್ನು ಬಿಟ್ಟುಬಿಡಿ. ಗಾರ್ಸಿಯಾ ಹಾಡಿನ ಸಾಲು ಮರೆಯುತ್ತಾರೆ, ಬೆರಳು ತಡವರಿಸುತ್ತದೆ, ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊನೆಯ ವರ್ಷಗಳದ್ದೇ ಬೇಕೆಂದರೆ 1990ರ ಮಾರ್ಚ್ 29ರಂದು ನ್ಯೂಯಾರ್ಕ್ ಹತ್ತಿರದ ನಸಾವ್‌ನಲ್ಲಿ ನಡೆದ ಕಚೇರಿ ಕೇಳಿ, ಬ್ರಾನ್‌ಫರ್ಡ್ ಮಾರ್ಸಲಿಸ್ ಸ್ಯಾಕ್ಸೊಫೋನ್ ಹಿಡಿದು ಬಂದ ರಾತ್ರಿ.

ಕಾರ್ನೆಲ್ ಸಿಡಿ ಯಾರಿಗಾದರೂ ಬೇಕಿದ್ದರೆ ನಮ್ಮ ಮನೆಗೇ ಬಂದು ಕೇಳಬಹುದು, ಹೊರಗೆ ಕೊಡುವುದಿಲ್ಲ. ಅಪ್ಪ ಈಗ ತಮ್ಮ ಕ್ಯಾಸೆಟ್‌ಗಳನ್ನು ಹೊರಗೆ ತೆಗೆದು ಧೂಳು ಒರೆಸುತ್ತಿದ್ದಾರೆ. 'ಅವರ ಟೇಪಿಗೆ ಮಾಡಿದ ಹಾಗೆ ನಂದಕ್ಕೂ ಸೌಂಡ್ ಸರಿ ಮಾಡಿಸೋಕೆ ಆಗುತ್ತೇನೋ?' ಎಂದು ನಿನ್ನೆ ಕೇಳಿದರು. ಮೈಸೂರಿನಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಜೋಪಾನವಾಗಿ ಕಂಪ್ಯೂಟರಿಗೆ ಏರಿಸಿಕೊಡುವವರು ಗೊತ್ತಿದ್ದರೆ ತಿಳಿಸಿ.